ಹೊಗೆ ಮೀನಿಗೆ ಬೇಕು, ಅತ್ತೆಯ ಎದೆಗೆ ಬೇಡ

ಪ್ರಶ್ನೆ: ಡಾಕ್ಟ್ರೇ, ನಾನು ಮಂಗಳೂರಿನ ಬಂದರ್ ಕಡೆಯವಳು. ಗಂಡನ ಊರು ಲಕ್ಷದ್ವೀಪದ ಅಗತ್ತಿ. ಅಲ್ಲಿ ನಮ್ಮ ಅತ್ತೆ ಮೂವತ್ತು ವರ್ಷದಿಂದ ಮಾಸ್‌ಮೀನ್ ಮಾಡುತ್ತಿದ್ದಾರೆ. ಚೂರ (ಟ್ಯೂನಾ) ಮೀನನ್ನು ಬೇಯಿಸಿ, ತೆಂಗಿನ ಸಿಪ್ಪೆ, ಗೆರಟೆಯ ಹೊಗೆಯಲ್ಲಿಟ್ಟು, ಆಮೇಲೆ ಬಿಸಿಲಿಗೆ ಒಣಗಿಸುವ ಕೆಲಸ. ಅವರಿಗೆ ಈಗ 54 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮೂರು ವರ್ಷದಿಂದ ಕೆಮ್ಮು ಬಿಟ್ಟಿಲ್ಲ. ಬೆಳಗ್ಗೆ ಕಫ ಬರುತ್ತದೆ, ಕೆಲವು ದಿನ ಕಪ್ಪಗಿರುತ್ತದೆ. ಒಂದು ಕೊಡ ನೀರು ತಂದರೆ ಏದುಸಿರು. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಆರಾಮ. ಎಕ್ಸ್‌ರೇ ಸರಿ ಇದೆ ಎಂದಿದ್ದಾರೆ. ಉಸಿರಿಗೆ ಎಳೆಯುವ ಪಂಪ್ (ಇನ್‌ಹೇಲರ್) ಬರೆದುಕೊಟ್ಟರು, ಆದರೆ "ಅದು ಅಭ್ಯಾಸ ಆಗಿಬಿಡುತ್ತೆ" ಅಂತ ಅತ್ತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. "ಮೀನನ್ನೇ ಕೆಡದಂತೆ ಕಾಯುವ ಹೊಗೆ ನನಗೇನು ಮಾಡುತ್ತೆ" ಅನ್ನುತ್ತಾರೆ. ಸಂಜೆ ಒಂದು ತುಂಡು ಬೆಲ್ಲ ತಿಂದರೆ ಹೊಗೆಯೆಲ್ಲ ಇಳಿಯುತ್ತದೆ ಎಂಬ ನಂಬಿಕೆ ಬೇರೆ. ನಾದಿನಿಗೆ ಐದು ತಿಂಗಳು. ಅವಳೂ ಅದೇ ಶೆಡ್ಡಿನಲ್ಲಿ ಕೂರುತ್ತಾಳೆ, ಸಂಜೆಯಾದರೆ ತಲೆನೋವು ಎನ್ನುತ್ತಾಳೆ. ನನ್ನ ಗಂಡ, ಕೆಲಸ ಬಿಡಿಸಿ ಇಬ್ಬರನ್ನೂ ಮಂಗಳೂರಿಗೆ ಕರೆತರೋಣ ಎನ್ನುತ್ತಾರೆ. ಅತ್ತೆ ಸುತರಾಂ ಒಪ್ಪುವುದಿಲ್ಲ. ನಿಜಕ್ಕೂ ಹೊಗೆಯಿಂದಲೇ ಹೀಗಾಗಿದೆಯಾ? ಕೆಲಸ ಬಿಡದೆ ಏನಾದರೂ ದಾರಿ ಇದೆಯಾ? ಆ ಮೀನು ತಿನ್ನುವ ನಮಗೂ ತೊಂದರೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಹಲವು, ಆದರೆ ಒಳಗಿನ ಚಿಂತೆ ಒಂದೇ. ಮೂವತ್ತು ವರ್ಷ ಮನೆ ಸಾಕಿದ ಕೆಲಸವೇ ಅತ್ತೆಯ ಉಸಿರಿಗೆ ಕುತ್ತು ತರುತ್ತಿದೆಯಾ? ಹಾಗಿದ್ದರೆ, ಅವರ ಕೈಯಿಂದ ಕೆಲಸ ಕಿತ್ತುಕೊಳ್ಳದೆ ಅವರನ್ನು ಕಾಪಾಡೋದು ಹೇಗೆ? ಮಂಗಳೂರಿನಲ್ಲಿ ಎದೆರೋಗದ ವೈದ್ಯನಾಗಿರುವ ನನಗೆ ದ್ವೀಪದಿಂದ ಬರುವ ರೋಗಿಗಳು ಹೊಸಬರಲ್ಲ. ನಮ್ಮ ಬಂದರಿಗೂ ದ್ವೀಪಗಳಿಗೂ ಮಂಜಿ ಎಂಬ ಹಾಯಿದೋಣಿಗಳ ಕಾಲದ ನಂಟು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಅತ್ತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾದಿನಿಯ ಮಾತು, ಯಾಕೆಂದರೆ ಅದು ಕಾಯುವಂಥದ್ದಲ್ಲ.

ಸಂಜೆ ಬರುವ ಆ ತಲೆನೋವನ್ನು ಬಸುರಿಯ ಸುಸ್ತು ಎಂದು ಬಿಡಬೇಡಿ. ಸಿಪ್ಪೆ ಚೆನ್ನಾಗಿ ಉರಿಯದೆ ಕಮರುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಸುವುದು ಹೊಗೆಯಲ್ಲಿರುವ ಬೇರೆ ಪದಾರ್ಥಗಳು, ಇದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊರಗೆ ಬಂದು ಒಳ್ಳೆಯ ಗಾಳಿ ಉಸಿರಾಡಿದರೂ ಅದರಲ್ಲಿ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ಅದು ಇನ್ನೂ ನಿಧಾನವಾಗಿ ಇಳಿಯುತ್ತದೆ. ತಾಯಿಗೆ ತಲೆನೋವು ಹೋದ ಮೇಲೂ ಮಗುವಿನ ರಕ್ತದಲ್ಲಿ ಅದು ಉಳಿದಿರುತ್ತದೆ. ಬಸುರಿಯಲ್ಲಿ ದಿನಾ ಹೊಗೆ ಕುಡಿದವರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುವುದು ಜಾಸ್ತಿ. ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯವೂ ಹೆಚ್ಚುತ್ತದೆ. ಹೆದರಿಸಲು ಹೇಳುತ್ತಿಲ್ಲ. ಇನ್ನು ನಾಲ್ಕು ತಿಂಗಳು ಆಕೆ ಹೊಗೆ ಶೆಡ್ಡಿನ ಒಳಗೆ ಕೂರುವುದು ಬೇಡ, ಅಷ್ಟೆ. ಮೀನು ಸೀಳುವುದು, ಬಿಸಿಲಿಗೆ ಹರಡುವುದು, ಲೆಕ್ಕ ಬರೆಯುವುದು, ಇವೆಲ್ಲ ಆಕೆ ಮಾಡಬಹುದು. ಹೆರಿಗೆಯ ನಂತರ ಮಗುವನ್ನು ತೊಟ್ಟಿಲು ಸಮೇತ ಶೆಡ್ಡಿನ ಪಕ್ಕ ಇಡುವುದೂ ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಹೊಗೆಯಿಂದ ನ್ಯುಮೋನಿಯಾ ಬರುವ ಸಂಭವ ಹೆಚ್ಚು.

ಇಲ್ಲೊಂದು ಎಚ್ಚರಿಕೆ ಇದೆ. ಕೊರೋನಾ ಬಂದ ಮೇಲೆ ಎಲ್ಲರ ಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಅದರಲ್ಲಿ 98 ತೋರಿಸಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಶೆಡ್ಡಿನಲ್ಲಿ ಯಾರಿಗಾದರೂ ತಲೆ ಸುತ್ತಿ, ವಾಂತಿ ಬಂದು, ಮಂಕು ಕವಿದರೆ ಆಕ್ಸಿಮೀಟರ್ ಹುಡುಕುತ್ತಾ ಕೂರಬೇಡಿ. ಮೊದಲು ಹೊರಗೆ ಎಳೆದು ತನ್ನಿ. ಆಮೇಲೆ ಆಸ್ಪತ್ರೆಗೆ ಕರೆದೊಯ್ದು ಆಮ್ಲಜನಕ ಕೊಡಿಸಿ.

ಈಗ ಅತ್ತೆಯ ಕೆಮ್ಮಿಗೆ ಬರೋಣ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಸಾಲು, "ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಆರಾಮ" ಎನ್ನುವುದು. ಸಾಮಾನ್ಯವಾಗಿ ಉಬ್ಬಸದವರಿಗೆ ಮಳೆ, ಚಳಿ ಬಂದರೆ ಜಾಸ್ತಿಯಾಗುತ್ತದೆ. ನಿಮ್ಮ ಅತ್ತೆಗೆ ಉಲ್ಟಾ. ಯಾಕೆ? ಮಳೆಗಾಲದಲ್ಲಿ ಕಡಲು ಒರಟು, ದೋಣಿ ಇಳಿಯುವುದಿಲ್ಲ, ಚೂರ ಬರುವುದಿಲ್ಲ, ಹೊಗೆ ಹಾಕುವುದಿಲ್ಲ. ಅಂದರೆ ಅವರ ಶ್ವಾಸಕೋಶ ವರ್ಷಕ್ಕೊಮ್ಮೆ ತಾನೇ ಒಂದು ಪರೀಕ್ಷೆ ಮಾಡಿ ತೋರಿಸುತ್ತಿದೆ. ಹೊಗೆ ನಿಂತರೆ ಇಳಿಯುತ್ತದೆ, ಶುರುವಾದರೆ ಏರುತ್ತದೆ. ಕೆಲಸದಿಂದ ಬರುವ ಎದೆರೋಗವನ್ನು ಗುರುತಿಸಲು ನಾವು ರೋಗಿಗೆ ಕೇಳುವ ಮೊದಲ ಪ್ರಶ್ನೆಯೇ ಇದು: "ರಜೆಯಲ್ಲಿದ್ದಾಗ ಹೇಗಿರುತ್ತದೆ?"

ಎರಡನೆಯದು ಆ ಕಪ್ಪು ಕಫ. ಅದು ಮಸಿ. ಉಸಿರಿನ ಕೊಳವೆಯ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಕೂದಲುಗಳಿವೆ. ಕಸವನ್ನು ಅಂಟಿನ ಜೊತೆ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಕಪ್ಪು ಕಫ ಬರುತ್ತಿದೆ ಎಂದರೆ ಅವು ಇನ್ನೂ ದುಡಿಯುತ್ತಿವೆ. ಆದರೆ ಹೊರಗೆ ಬರುವುದು ದೊಡ್ಡ ಕಣಗಳು ಮಾತ್ರ. ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣ ಕಣಗಳು ಗಾಳಿಚೀಲದ ತಳದವರೆಗೂ ಇಳಿದು ಅಲ್ಲೇ ಕೂರುತ್ತವೆ. ಅಲ್ಲಿಂದ ರಕ್ತನಾಳಕ್ಕೂ ತೊಂದರೆ ಕೊಡುತ್ತವೆ. ಹಾಗಾಗಿ ವರ್ಷಗಟ್ಟಲೆ ಹೊಗೆಯಲ್ಲಿ ದುಡಿದವರ ಬಿಪಿಯನ್ನೂ ಹೃದಯವನ್ನೂ ನಾನು ನೋಡದೆ ಬಿಡುವುದಿಲ್ಲ.

ಮೂರನೆಯದು ಎಕ್ಸ್‌ರೇ. "ಎಕ್ಸ್‌ರೇ ಸರಿ ಇದೆ" ಎಂಬ ಮಾತು ಎಷ್ಟೋ ಹೆಂಗಸರ ಚಿಕಿತ್ಸೆಯನ್ನು ವರ್ಷಗಟ್ಟಲೆ ತಡ ಮಾಡಿದೆ. ಎಕ್ಸ್‌ರೇ ಒಂದು ಫೋಟೋ. ಗೆಡ್ಡೆ, ನೀರು, ನ್ಯುಮೋನಿಯಾ ಕಾಣಬಹುದು. ಕೊಳವೆ ಎಷ್ಟು ಕಿರಿದಾಗಿದೆ, ಗಾಳಿ ಎಷ್ಟು ಸಲೀಸಾಗಿ ಹೊರಗೆ ಹೋಗುತ್ತದೆ ಎನ್ನುವುದು ಅದರಲ್ಲಿ ತಿಳಿಯುವುದಿಲ್ಲ. ಅದಕ್ಕೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಬೇಕು. ಸೂಜಿ ಇಲ್ಲ, ನೋವಿಲ್ಲ. ಆಳವಾಗಿ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದಬೇಕು. ಔಷಧಿ ಎಳೆಸಿ ಇನ್ನೊಮ್ಮೆ ಊದಿಸುತ್ತಾರೆ. ಔಷಧಿಯ ನಂತರವೂ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಗಾಳಿಯ ಶೇಕಡ 70ಕ್ಕಿಂತ ಕಡಿಮೆಯಿದ್ದರೆ, ಜೊತೆಗೆ ನಿಮ್ಮ ಅತ್ತೆಗಿರುವಂಥ ಲಕ್ಷಣಗಳಿದ್ದರೆ, ಅದನ್ನು ಸಿಒಪಿಡಿ, ಅಂದರೆ ಉಸಿರಿನ ಕೊಳವೆ ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಎನ್ನುತ್ತೇವೆ. ಔಷಧಿ ಎಳೆದ ಮೇಲೆ ಕೊಳವೆ ಪೂರ್ತಿ ತೆರೆದುಕೊಂಡರೆ ಅದು ಆಸ್ತಮಾ ಇರಬಹುದು. ಎರಡೂ ಬೆರೆತಿರುವುದೂ ಉಂಟು. ಎಲ್ಲಕ್ಕೂ ಮೊದಲು ಕಫವನ್ನು ಟಿಬಿಗೆ ಪರೀಕ್ಷೆ ಮಾಡಿಸಿ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಇದು ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಹೊಗೆಯಿಂದ ಟಿಬಿ ಹುಟ್ಟುವುದಿಲ್ಲ. ಆದರೆ ಹೊಗೆ ಕುಡಿದ ಎದೆಯಲ್ಲಿ ಆ ರೋಗ ಸುಲಭವಾಗಿ ಬೇರು ಬಿಡುತ್ತದೆ.

ಸಿಒಪಿಡಿ ಎಂದ ಕೂಡಲೇ "ಅದು ಬೀಡಿ ಸೇದುವ ಗಂಡಸರ ಕಾಯಿಲೆ ಅಲ್ವಾ" ಎಂದು ಕೇಳುತ್ತಾರೆ. ನಮ್ಮಲ್ಲಿ ಹಾಗಲ್ಲ. ನನ್ನಲ್ಲಿಗೆ ಬರುವ ಸಿಒಪಿಡಿಯ ಹೆಂಗಸರಲ್ಲಿ ಬಹುತೇಕ ಎಲ್ಲರೂ ಜೀವನದಲ್ಲಿ ಒಂದು ಬೀಡಿಯನ್ನೂ ಸೇದಿದವರಲ್ಲ. ಸೌದೆ ಒಲೆ, ಬಚ್ಚಲಿನ ಹಂಡೆ ಒಲೆ, ಭತ್ತ ಬೇಯಿಸುವ ಒಲೆ, ಅಡಿಕೆ ಬೇಯಿಸುವ ಒಲೆ, ಹೀಗೆ ಬೆಂಕಿಯ ಮುಂದೆಯೇ ಆಯುಸ್ಸು ಕಳೆದವರು. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದು ಬರೀ ಅಡುಗೆ ಒಲೆಯ ಲೆಕ್ಕ.

ಮೀನಿಗೆ ಹೊಗೆ ಹಾಕುವವರ ಕಥೆ ಇನ್ನೂ ಕಷ್ಟದ್ದು. ಅಡುಗೆಮನೆಯಲ್ಲಿ ಹೊಗೆ ಯಾರಿಗೂ ಬೇಡದ ವಸ್ತು. ಬೆಂಕಿ ಚೆನ್ನಾಗಿ ಹತ್ತಲಿ, ಹೊಗೆ ಬೇಗ ಹೋಗಲಿ ಎಂದು ಊದುಕೊಳವೆ ಹಿಡಿದು ಊದುತ್ತೇವೆ. ಮಾಸ್‌ಮೀನ್ ಶೆಡ್ಡಿನಲ್ಲಿ ಹೊಗೆಯೇ ಸರಕು. ಬೆಂಕಿ ಜೋರಾದರೆ ತಗ್ಗಿಸುತ್ತಾರೆ. ಒದ್ದೆ ಸಿಪ್ಪೆ ಹಾಕಿ ಕಮರುವ ಹಾಗೆ ಮಾಡುತ್ತಾರೆ. ಬೇಕೆಂದೇ ಮಾಡಿದ ಆ ದಟ್ಟ ಹೊಗೆಯಲ್ಲಿ ಗಂಟೆಗಟ್ಟಲೆ ಕೂತು ಮೀನು ತಿರುಗಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ, ಒಂದು ಘನ ಮೀಟರ್ ಗಾಳಿಯಲ್ಲಿ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ದಾಟಬಾರದು. ಸಾಮಾನ್ಯ ಸೌದೆ ಒಲೆ ಉರಿಯುವ ಅಡುಗೆಮನೆಯಲ್ಲೇ ಅದು ನೂರಾರು ಇರುತ್ತದೆ, ಎಷ್ಟೋ ಸಲ ಸಾವಿರ ದಾಟುತ್ತದೆ. ಹೊಗೆ ತುಂಬಿದ ಶೆಡ್ಡು ಹೇಗಿರಬಹುದು, ನೀವೇ ಯೋಚಿಸಿ. ಅದಕ್ಕೇ ನಿಮ್ಮ ಅತ್ತೆಗೆ "ಹೊಗೆ ಕಡಿಮೆ ಮಾಡಿ" ಎಂದು ಬುದ್ಧಿ ಹೇಳಿದರೆ ಅವರಿಗೆ ಸಿಟ್ಟು ಬರುವುದು ಸಹಜ. ಹೊಗೆ ಇಲ್ಲದೆ ಮಾಸ್‌ಮೀನ್ ಇಲ್ಲ. ನಾವು ಕೇಳಬೇಕಾದದ್ದು ಬೇರೆ: ಮೀನು ಇರುವ ಜಾಗದಲ್ಲೇ ಮನುಷ್ಯರೂ ಇರಬೇಕಾ?

"ಮೀನನ್ನು ಕೆಡದಂತೆ ಕಾಯುವ ಹೊಗೆ" ಎಂಬ ಅವರ ಮಾತಿಗೆ ಉತ್ತರ ಕೊಡಲೇಬೇಕು, ಯಾಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಹೊಗೆಯಲ್ಲಿ ಫಾರ್ಮಾಲ್ಡಿಹೈಡ್, ಫೀನಾಲ್ ಜಾತಿಯ ರಾಸಾಯನಿಕಗಳಿವೆ. ಅವು ಮೀನಿನ ಮೇಲಿನ ಕ್ರಿಮಿಗಳನ್ನು ಕೊಲ್ಲುತ್ತವೆ, ಮೇಲ್ಪದರವನ್ನು ಗಟ್ಟಿ ಮಾಡುತ್ತವೆ. ನೀರಿನ ಅಂಶ ಆರಿಸುವುದು ಬೆಂಕಿಯ ಬಿಸಿ. ಆದರೆ ಆ ಮೀನು ಸತ್ತಿದೆ. ಸತ್ತ ಮಾಂಸ ಗಟ್ಟಿಯಾದರೆ ಲಾಭ. ಜೀವಂತ ಶ್ವಾಸಕೋಶ ಸ್ಪಂಜಿನಂತೆ ಮೆತ್ತಗೆ, ಒದ್ದೆಯಾಗಿ ಇರಬೇಕು. ಕ್ರಿಮಿಯನ್ನು ಕೊಲ್ಲುವ ಅದೇ ರಾಸಾಯನಿಕ ನಮ್ಮ ಕೊಳವೆಯ ಜೀವಕೋಶವನ್ನೂ ಸುಡುತ್ತದೆ. ಅತ್ತೆಗೆ ಇದನ್ನು ಅವರದೇ ಮಾತಿನಲ್ಲಿ ಹೇಳಿ: ಮೀನಿಗೆ ಏನಾಗುತ್ತದೋ ಅದೇ ಎದೆಗೂ ಆಗುತ್ತಿದೆ, ಮೆತ್ತಗಿರಬೇಕಾದದ್ದು ಗಟ್ಟಿಯಾಗುತ್ತಿದೆ.

ಇದು ಬರೀ ಹೋಲಿಕೆಯಲ್ಲ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಘಟ್ಟದ ಬುಡದ ಹಳ್ಳಿಯಿಂದ ಒಬ್ಬರು ಹೆಂಗಸು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು. ಶ್ವಾಸಕೋಶದ ಒಂದು ಭಾಗ ಮುದುಡಿತ್ತು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ದರು. ಗುಣ ಕಾಣದೆ ಕ್ಯಾನ್ಸರ್ ಇರಬಹುದು ಎಂದು ಕಳಿಸಿದ್ದರು. ಕ್ಯಾಮೆರಾ ಇರುವ ನಳಿಗೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡಿದೆವು. ಗುಲಾಬಿ ಬಣ್ಣದಲ್ಲಿ ಇರಬೇಕಾದ ಗೋಡೆಯ ಮೇಲೆ ಅಲ್ಲಲ್ಲಿ ಇದ್ದಿಲಿನಂಥ ಕಪ್ಪು ಕಲೆ. ಒಂದು ಕವಲು ಪೂರ್ತಿ ಮುದುಡಿ ಮುಚ್ಚುವ ಹಾಗಿತ್ತು. ಹಳೆಯ ಅಡುಗೆಮನೆಯ ಅಟ್ಟಕ್ಕೆ ಹಿಡಿದ ಮಸಿಯನ್ನು ನೋಡಿದ ಹಾಗೆ. ಟಿಬಿಯೂ ಇರಲಿಲ್ಲ, ಕ್ಯಾನ್ಸರೂ ಇರಲಿಲ್ಲ. ನಲವತ್ತು ವರ್ಷದ ಹೊಗೆ ಇತ್ತು. ಇದನ್ನು ಆಂಥ್ರಕೋಫೈಬ್ರೋಸಿಸ್ ಎನ್ನುತ್ತಾರೆ. ಆಕೆ ಸುಮ್ನೆ ನುಂಗಿದ ಆ ಮಾತ್ರೆಗಳನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ. ಆಕೆ ಏನು ಕೆಲಸ ಮಾಡುತ್ತಾರೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ. ನಿಮ್ಮ ಅತ್ತೆಯನ್ನು ಯಾವ ವೈದ್ಯರ ಹತ್ತಿರ ಕರೆದುಕೊಂಡು ಹೋದರೂ, ಕೂತ ಕೂಡಲೇ ಹೇಳಬೇಕಾದ ಮೊದಲ ವಾಕ್ಯ: "ಇವರು ಮೂವತ್ತು ವರ್ಷದಿಂದ ಹೊಗೆಯಲ್ಲಿ ಮೀನು ಒಣಗಿಸುತ್ತಾರೆ."

ಕ್ಯಾನ್ಸರಿನ ಭಯ ನಿಮ್ಮ ಮನಸ್ಸಿನಲ್ಲೂ ಇರಬಹುದು. ಕಮರುವ ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ಪದಾರ್ಥ ಇರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಮನೆಯ ಸೌದೆ ಹೊಗೆಯನ್ನು ಒಟ್ಟಾಗಿ ನೋಡಿದಾಗ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು "ಬಹುಶಃ ಕ್ಯಾನ್ಸರ್ ತರಬಲ್ಲದು" ಎಂಬ ಪಟ್ಟಿಗೆ ಸೇರಿಸಿದೆ. ಹಾಗೆಂದು ಹೊಗೆಯಲ್ಲಿ ದುಡಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಸಿಒಪಿಡಿ ಬರುವ ಸಂಭವವೇ ಎಷ್ಟೋ ಪಟ್ಟು ಹೆಚ್ಚು. ಆದರೂ ಕಫದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಸ್ವರ ಒಡೆದು ವಾರಗಟ್ಟಲೆ ಹಾಗೇ ಉಳಿದರೆ, ಮುಂದಿನ ಹಡಗಿಗೋ ವಿಮಾನಕ್ಕೋ ಹೊರಡಿ.

ಬೆಲ್ಲದ ಮಾತು. ಬೆಲ್ಲ ಬಾಯಿಂದ ಹೊಟ್ಟೆಗೆ ಹೋಗುತ್ತದೆ, ಹೊಗೆ ಮೂಗಿನಿಂದ ಶ್ವಾಸಕೋಶಕ್ಕೆ. ದಾರಿ ಬೇರೆ ಬೇರೆ. ಗಂಟಲಿಗೆ ಹಿತ ಅನಿಸುವುದು ನಿಜ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ತಿನ್ನಲಿ, ಅಡ್ಡಿಯಿಲ್ಲ. ಅದು ಔಷಧಿ ಎಂದು ನಂಬಿ ಪಂಪನ್ನು ಪೆಟ್ಟಿಗೆಯಲ್ಲಿ ಇಡುವುದು ಮಾತ್ರ ಬೇಡ.

ಪಂಪ್ ಚಟವಾಗುತ್ತದೆ ಎಂಬ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಕನ್ನಡಕ ಹಾಕಿದರೆ ಚಟವಾಗುತ್ತದಾ? ಕಣ್ಣಿಗೆ ಬೇಕು, ಹಾಕುತ್ತೇವೆ. ಇದೂ ಹಾಗೆಯೇ. ಮಾತ್ರೆ ನುಂಗಿದರೆ ಅದು ರಕ್ತದಲ್ಲಿ ಇಡೀ ಮೈ ಸುತ್ತಿ ಬರಬೇಕು. ಪಂಪ್ ಎಳೆದರೆ ಮೈಕ್ರೋಗ್ರಾಂ ಲೆಕ್ಕದ ಔಷಧಿ ನೇರವಾಗಿ ಕೊಳವೆಗೆ ಮುಟ್ಟುತ್ತದೆ. ಅದನ್ನು ಎಳೆಯಲು ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಕೇಳಿ ತೆಗೆದುಕೊಳ್ಳಿ. ಅದಿಲ್ಲದೆ ಹೆಚ್ಚಿನವರಿಗೆ ಔಷಧಿ ಗಂಟಲಿಗೇ ಬಡಿದು ನಿಲ್ಲುತ್ತದೆ. ಸ್ಟೀರಾಯ್ಡ್ ಇರುವ ಪಂಪಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಿಹುಣ್ಣು. ನಿಜವಾಗಿ ಹೆದರಬೇಕಾದದ್ದು, ಮೆಡಿಕಲ್ ಶಾಪಿನವರು "ಕೆಮ್ಮಿಗೆ" ಎಂದು ಚೀಟಿ ಇಲ್ಲದೆ ಕೊಡುವ ಸ್ಟೀರಾಯ್ಡ್ ಮಾತ್ರೆಗೆ. ಎರಡು ದಿನ ಜಾದೂ ಮಾಡಿದಂತೆ ಇರುತ್ತದೆ. ವರ್ಷಗಟ್ಟಲೆ ತಿಂದವರಿಗೆ ಮೂಳೆ ಸವೆದು, ಶುಗರ್ ಏರಿ, ಕಣ್ಣಿಗೆ ಪೊರೆ ಬಂದದ್ದನ್ನು ನೋಡಿದ್ದೇನೆ.

ಹೋದ ಶ್ವಾಸಕೋಶ ಮರಳಿ ಬರುತ್ತದಾ? ಸಿಒಪಿಡಿ ಆಗಿದ್ದರೆ, ಪೂರ್ತಿ ಬರುವುದಿಲ್ಲ. ಇದನ್ನು ನಿಮಗೆ ಮುಚ್ಚಿಡುವುದಿಲ್ಲ. ಆದರೆ ಹೊಗೆ ತಗ್ಗಿದರೆ ಕೆಮ್ಮು, ಕಫ ಇಳಿಯುತ್ತದೆ. ಮುಂದಿನ ಹಾನಿಯ ವೇಗವೂ ಕಡಿಮೆಯಾಗುತ್ತದೆ. ಔಷಧಿ ಮತ್ತು ದಿನಾ ನಡಿಗೆಯಿಂದ ಅದೇ ಕೊಡ ನೀರನ್ನು ಏದುಸಿರಿಲ್ಲದೆ ತರುವಷ್ಟು ಬಲ ಬರಬಹುದು. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿ. ದ್ವೀಪದಲ್ಲಿರುವವರಿಗೆ ಇದು ಇನ್ನೂ ಮುಖ್ಯ, ಜ್ವರ ಎದೆಗಿಳಿದರೆ ದೊಡ್ಡ ಆಸ್ಪತ್ರೆಗೆ ಕಡಲು ದಾಟಬೇಕು.

ಈಗ ಶೆಡ್ಡಿಗೆ ಬರೋಣ. ನಿಮ್ಮ ಗಂಡನ ಮಾತಿನಂತೆ ಕೆಲಸವನ್ನು ಪೂರ್ತಿ ಬಿಡಿಸುವುದು ಶ್ವಾಸಕೋಶದ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಅನುಮಾನವಿಲ್ಲ. ಆದರೆ ಸ್ವಂತ ದುಡಿಮೆಯ, ಊರಿನಲ್ಲಿ ನಾಲ್ಕು ಜನ ಮಾತಾಡಿಸುವ ಹೆಂಗಸನ್ನು ತಂದು ಬಂದರಿನ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಕೂರಿಸಿದರೆ ಆಕೆ ಒಳಗೇ ಸೊರಗುತ್ತಾರೆ. ಅದನ್ನೂ ನೋಡಿದ್ದೇನೆ. ಊದುವ ಪರೀಕ್ಷೆಯಲ್ಲಿ ಹಾನಿ ತೀವ್ರವಾಗಿದೆ ಎಂದು ಬಂದರೆ ಬಿಡಿಸಲೇಬೇಕು. ಅಲ್ಲಿಯವರೆಗೆ ಮಧ್ಯದ ದಾರಿಗಳಿವೆ.

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ, ರಾಜಧಾನಿ ಅಕ್ರಾದ ಕಡಲತಡಿಯಲ್ಲಿ ಚೋರ್ಕೋರ್ ಎಂಬ ಮೀನುಗಾರರ ಕೇರಿ ಇದೆ. ಅಲ್ಲಿಯ ಹೆಂಗಸರೂ ನಿಮ್ಮ ಅತ್ತೆಯಂತೆಯೇ, ದುಂಡಗಿನ ಮಣ್ಣಿನ ಒಲೆಯ ಮೇಲೆ ಮೀನಿಟ್ಟು, ಮುಖ ಬೆಂಕಿಗೆ ಒಡ್ಡಿ ತಿರುಗಿಸುತ್ತಿದ್ದರು. ಸುಮಾರು 1970ರ ಹೊತ್ತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಘಾನಾದ ಆಹಾರ ಸಂಶೋಧನಾ ಸಂಸ್ಥೆ ಮತ್ತು ಆ ಹೆಂಗಸರು ಸೇರಿ ಹೊಸ ಒಲೆ ಮಾಡಿದರು. ಉದ್ದಗಿನ ಗೋಡೆ, ಮುಂದೆ ಬೆಂಕಿ ಹಾಕಲು ಬಾಯಿ. ಮೇಲೆ ಮರದ ಚೌಕಟ್ಟಿಗೆ ಬಲೆ ಹೊಡೆದ ತಟ್ಟೆಗಳು, ಒಂದರ ಮೇಲೊಂದು ಹದಿನೈದರವರೆಗೆ. ತಟ್ಟೆಗಳ ಚೌಕಟ್ಟೇ ಗೋಡೆಯಾಗಿ ಹೊಗೆಯನ್ನು ಒಳಗೆ ಹಿಡಿಯುತ್ತದೆ. ಒಂದೊಂದೇ ಮೀನನ್ನು ತಿರುಗಿಸುವ ಬದಲು ತಟ್ಟೆಯನ್ನೇ ಮೇಲೆ ಕೆಳಗೆ ಬದಲಿಸಬಹುದು. ಸೌದೆ ಉಳಿಯಿತು, ಬೆಂಕಿಯ ಮುಂದೆ ಕೂರುವ ಹೊತ್ತು ಕಡಿಮೆಯಾಯಿತು. ಆದರೂ ಹೊಗೆ ಪೂರ್ತಿ ತಪ್ಪಲಿಲ್ಲ. ಆಮೇಲೆ ಸೆನೆಗಲ್‌ನ ತಿಯಾರೋಯ್ ಎಂಬಲ್ಲಿ ಅದನ್ನೇ ಸುಧಾರಿಸಿದರು. ಕೆಂಡದ ಪೆಟ್ಟಿಗೆ ಬೇರೆ, ಹೊಗೆ ಹುಟ್ಟಿಸುವ ಪೆಟ್ಟಿಗೆ ಬೇರೆ, ಮೀನಿನ ಕೊಬ್ಬು ಬೆಂಕಿಗೆ ತೊಟ್ಟಿಕ್ಕದಂತೆ ನಡುವೆ ಒಂದು ತಟ್ಟೆ. ಕೊಬ್ಬು ಬೆಂಕಿಗೆ ಬಿದ್ದರೆ ಬೆಂಜೊಪೈರೀನ್ ಜಾತಿಯ ವಿಷ ಹೆಚ್ಚುತ್ತದೆ, ಅದಕ್ಕೆ ಈ ಏರ್ಪಾಡು. ಚೂರದಲ್ಲಿ ಕೊಬ್ಬು ಕಡಿಮೆ, ಜೊತೆಗೆ ನೀವು ಮೊದಲೇ ಬೇಯಿಸುತ್ತೀರಿ. ಹಾಗಾಗಿ ನಿಮ್ಮಲ್ಲಿ ಆ ತೊಂದರೆ ಅಷ್ಟಿಲ್ಲ. ನಿಮ್ಮಲ್ಲಿ ದೊಡ್ಡ ತೊಂದರೆ ಸಿಪ್ಪೆಯ ಹೊಗೆ ಮತ್ತು ಮುಚ್ಚಿದ ಶೆಡ್ಡು.

ಇದರಿಂದ ನೀವು ತೆಗೆದುಕೊಳ್ಳಬೇಕಾದದ್ದು ಇಷ್ಟೇ: ಬೆಂಕಿಯ ಬಾಯಿ ಶೆಡ್ಡಿನ ಹೊರಗೆ ಇರಲಿ. ಗಾಳಿ ಬರುವ ಬದಿಯಿಂದ ಸಿಪ್ಪೆ ಹಾಕುವ ಹಾಗೆ ಗೋಡೆಯಲ್ಲಿ ಕಿಂಡಿ ಮಾಡಿ. ಮೀನಿನ ತಟ್ಟೆಗಳನ್ನು ಪೆಟ್ಟಿಗೆಯಂತೆ ಮುಚ್ಚಿದ ಗೂಡಿನಲ್ಲಿಡಿ. ಗೂಡಿನ ಮೇಲಿನಿಂದ ಒಂದು ಕೊಳವೆ ಮಾಡಿನ (ಛಾವಣಿಯ) ಹೊರಗೆ ಹೋಗಲಿ. ಹೊಗೆ ಮೀನಿನ ಜೊತೆ ಒಳಗಿರಲಿ, ಅತ್ತೆ ಹೊರಗಿರಲಿ. ತಟ್ಟೆ ಬದಲಿಸಬೇಕಾದಾಗ ಬಾಗಿಲು ತೆಗೆದು, ಹೊಗೆ ಹೊರಹೋಗುವವರೆಗೆ ದೂರ ನಿಂತು, ಆಮೇಲೆ ಕೈ ಹಾಕಲಿ. ಕೊಚ್ಚಿಯಲ್ಲಿರುವ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮೀನು ಹೊಗೆಯಾಡಿಸುವ ಗೂಡುಗಳನ್ನೂ ಸೌರ ಡ್ರೈಯರ್‌ಗಳನ್ನೂ ರೂಪಿಸಿದ್ದಾರೆ. ದುಡ್ಡು ಹಾಕುವ ಮೊದಲು ಅವರನ್ನು ಕೇಳಿ.

ಇದರಲ್ಲೂ ತೊಂದರೆಗಳಿವೆ, ಹೇಳಿಬಿಡುತ್ತೇನೆ. ತೆಂಗಿನ ಮಡಲಿನ ಮಾಡಾದರೆ ಬಿಸಿ ಕೊಳವೆಯಿಂದ ಬೆಂಕಿ ಹಿಡಿಯಬಹುದು. ಕಡಲ ಗಾಳಿಗೆ ತಗಡು ಎರಡು ಮೂರು ವರ್ಷದಲ್ಲಿ ತುಕ್ಕು ಹಿಡಿದು ತೂತಾಗುತ್ತದೆ. ತೂತಾದ ಕೊಳವೆ ಇದ್ದೂ ಇಲ್ಲದಂತೆ. ಕೊಳವೆ ಗಿಡ್ಡವಾದರೆ ಹೊಗೆ ಪಕ್ಕದ ಮನೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮೀನಿನ ಬಣ್ಣ, ರುಚಿ ಬದಲಾದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ. ಹಾಗಾಗಿ ಒಂದು ಸಣ್ಣ ಗೂಡು ಮಾಡಿ, ಒಂದು ದಿನದ ಮೀನು ಹಾಕಿ ನೋಡಿ. ಅತ್ತೆಯ ಕೈಗೆ ಸರಿ ಅನಿಸಬೇಕು. ಈ ಕಸುಬಿನಲ್ಲಿ ಅವರೇ ತಜ್ಞರು, ನಾನಲ್ಲ.

ಗೂಡು ಆಗುವವರೆಗೆ ಖರ್ಚಿಲ್ಲದ ಕೆಲವು ಬದಲಾವಣೆ ನಾಳೆಯೇ ಮಾಡಬಹುದು. ಬೆಂಕಿ ಹತ್ತಿಸುವ ಮೊದಲ ದಟ್ಟ ಹೊಗೆಯ ಹೊತ್ತಿನಲ್ಲಿ ಯಾರೂ ಒಳಗಿರಬೇಡಿ. ಹತ್ತಿಸಲು ಒಣಗಿದ ಗೆರಟೆ ಬಳಸಿ. ಪ್ಲಾಸ್ಟಿಕ್, ಹಳೆಯ ಬಲೆಯ ತುಂಡು, ಬಣ್ಣ ಬಳಿದ ದೋಣಿ ಮರ ಎಂದಿಗೂ ಬೇಡ. ಒಬ್ಬರೇ ಇಡೀ ದಿನ ಕೂರುವ ಬದಲು ಸರದಿ ಮಾಡಿಕೊಳ್ಳಿ, ಮನೆಯ ಗಂಡಸರೂ ಅದರಲ್ಲಿ ಸೇರಲಿ. ಅಡುಗೆಯನ್ನು ಗ್ಯಾಸಿಗೆ ಬದಲಿಸಿ. ಶೆಡ್ಡಿನ ಹೊಗೆ ಸಾಲದೆಂದು ಅಡುಗೆಮನೆಯಲ್ಲೂ ಅದೇ ಸಿಪ್ಪೆಯ ಹೊಗೆ ಕುಡಿಯುತ್ತಿದ್ದರೆ ಎದೆಗೆ ಬಿಡುವೇ ಇರುವುದಿಲ್ಲ.

ಮಾಸ್ಕ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಖಕ್ಕೆ ಸುತ್ತಿದ ಬಟ್ಟೆ, ಒದ್ದೆ ಮಾಡಿದರೂ, ಸಣ್ಣ ಕಣವನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ಕಣಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾರ್ಬನ್ ಮೊನಾಕ್ಸೈಡನ್ನು ಸ್ವಲ್ಪವೂ ತಡೆಯುವುದಿಲ್ಲ. ಬಿಸಿಗೆ, ಬೆವರಿಗೆ ಅದು ಬೇಗ ಒದ್ದೆಯಾಗುತ್ತದೆ, ಈಗಾಗಲೇ ಏದುಸಿರು ಇರುವವರಿಗೆ ಉಸಿರು ಕಟ್ಟಿದಂತಾಗುತ್ತದೆ. ಬಾಗಿಲು ತೆಗೆದು ತಟ್ಟೆ ಬದಲಿಸುವ ಐದು ಹತ್ತು ನಿಮಿಷಕ್ಕೆ ಹಾಕಿಕೊಳ್ಳಲಿ. ಮಾಸ್ಕ್ ಇದೆ ಎಂದು ಗಂಟೆಗಟ್ಟಲೆ ಒಳಗೆ ಕೂರುವುದು ಬೇಡ. ನಾದಿನಿಗಂತೂ ಮಾಸ್ಕ್ ಉತ್ತರವೇ ಅಲ್ಲ.

ತಿನ್ನುವವರ ವಿಷಯ ಚಿಕ್ಕದು. ಯುರೋಪಿನಲ್ಲಿ 2014ರಿಂದ ಒಂದು ಕಿಲೋ ಹೊಗೆ ಮೀನಿನಲ್ಲಿ ಬೆಂಜೊಪೈರೀನ್ ಸಾಮಾನ್ಯವಾಗಿ 2 ಮೈಕ್ರೋಗ್ರಾಂ ದಾಟಬಾರದು ಎಂಬ ನಿಯಮವಿದೆ. ಅಂದರೆ ಅವರು ಇದನ್ನು ಗಂಭೀರವಾಗಿಯೇ ನೋಡುತ್ತಾರೆ. ಮಸಿ ಕೂರುವುದು ಮುಖ್ಯವಾಗಿ ಮೇಲ್ಪದರದಲ್ಲಿ. ಕಪ್ಪಾದ ಹೊರಭಾಗವನ್ನು ಕೆರೆದು ತೆಗೆದು ಬಳಸಿ. ಚಟ್ನಿಗೆ, ಸಾರಿಗೆ ಒಂದು ಚೂರು ತುರಿದು ಹಾಕುವವರು ಹೆದರಬೇಕಾಗಿಲ್ಲ. ತಿನ್ನುವವರ ಅಪಾಯ ಮಾಡುವವರ ಅಪಾಯದ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ದಿನದ ಲೆಕ್ಕ. ನಾದಿನಿಯನ್ನು ಇವತ್ತೇ ಶೆಡ್ಡಿನಿಂದ ಹೊರಗೆ ಕರೆಯಿರಿ, ಮುಂದಿನ ತಪಾಸಣೆಯಲ್ಲಿ ಮಗುವಿನ ಬೆಳವಣಿಗೆ ನೋಡಲು ಹೇಳಿ. ಅತ್ತೆಯ ಕಫ ಪರೀಕ್ಷೆ ಅಗತ್ತಿಯಲ್ಲೇ ಮಾಡಿಸಿ. ಅದಕ್ಕೆ ಮಂಗಳೂರಿಗೆ ಬರುವವರೆಗೆ ಕಾಯಬೇಡಿ. ಊದುವ ಪರೀಕ್ಷೆಗೆ ಅವರನ್ನು ಹೊಗೆ ಹಾಕುವ ದಿನಗಳಲ್ಲೇ ಒಮ್ಮೆ ಕರೆತನ್ನಿ, ಮಳೆಗಾಲದ ಕೊನೆಗೆ ಇನ್ನೊಮ್ಮೆ. ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ಅವರಿಗೇ ತೋರಿಸೋಣ. ನನ್ನ ಮಾತಿಗಿಂತ ತಮ್ಮ ಉಸಿರಿನ ಅಂಕಿಯನ್ನು ಅವರು ಹೆಚ್ಚು ನಂಬುತ್ತಾರೆ. ಬರುವಾಗ ಹಳೆಯ ಎಕ್ಸ್‌ರೇ ಮತ್ತು ಪೆಟ್ಟಿಗೆಯಲ್ಲಿಟ್ಟ ಆ ಪಂಪ್ ಎರಡೂ ಇರಲಿ. ಪಂಪಿನ ಅವಧಿ ಮುಗಿದಿದೆಯಾ ಎಂದು ನೋಡಿ, ಎಳೆಯುವುದು ಹೇಗೆಂದು ನಾನೇ ಕೂತು ಕಲಿಸುತ್ತೇನೆ. ದೋಣಿಗಳು ದಡದಲ್ಲಿರುವ ಆ ಎರಡು ಮೂರು ತಿಂಗಳಲ್ಲಿ ನಿಮ್ಮ ಗಂಡ ಊರಿಗೆ ಹೋಗಿ ಗೂಡು ಕಟ್ಟುವ ಕೆಲಸ ಹಿಡಿಯಲಿ. ಮಳೆ ಬಿಟ್ಟು ಮೊದಲ ಚೂರ ದಡಕ್ಕೆ ಬರುವಷ್ಟರಲ್ಲಿ ಕೊಳವೆ ಮಾಡಿನ ಮೇಲೆ ನಿಂತಿರಬೇಕು.